ಹಳೇ ಟ್ರೈ ಬೈಕ್: ಮೊದಲು ಎಲ್ಲಿ ನೋಡಬೇಕು?

ಸೆಕೆಂಡ್ ಹ್ಯಾಂಡ್ ಟ್ರಯಾಥ್ಲಾನ್ ಸೈಕಲ್ ಕೊಳ್ಳೋಕೆ ಹೊರಟಿದ್ದೀರಾ? ಬ್ರ್ಯಾಂಡ್ ಆಮೇಲೆ, ಮೊದಲು ಸೈಜ್. ಫ್ರೇಮ್ ನಿಮ್ಮ ಮೈಗೆ ಹೊಂದದಿದ್ರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಈಗ ನೇರವಾಗಿ ಹ್ಯಾಂಡಲ್ ಹತ್ತಿರ ಬನ್ನಿ. ಏರೋಬಾರ್ ಮೇಲೆ ಮೊಣಕೈ ಊರಿ, ಬಗ್ಗಿ ತುಳಿಯುವಾಗ ಬೆವರೆಲ್ಲ ಸುರಿಯೋದು ಇಲ್ಲಿಗೇ. ಮನೆಯೊಳಗೆ ಟ್ರೈನರ್ ಮೇಲೆ ತುಳಿದಿದ್ರಂತೂ ಇನ್ನೂ ಜಾಸ್ತಿ. ಆ ಬೆವರಿನ ಉಪ್ಪು ಬೋಲ್ಟು, ಬೇರಿಂಗುಗಳನ್ನ ತಿಂದುಹಾಕುತ್ತೆ. ಹ್ಯಾಂಡಲ್ ಟೇಪ್ ಬಿಚ್ಚಿ ತೋರಿಸಿ ಅಂತ ಮಾರುವವರನ್ನ ಕೇಳಿ. ಒಪ್ಪದಿದ್ರೆ ವಾಪಸ್ ಬಂದುಬಿಡಿ.

ಸೀಟ್‌ಪೋಸ್ಟ್ ಮೇಲೆ ಕೆಳಗೆ ಸರಿಯಬೇಕು. ಕಾರ್ಬನ್‌ ಫ್ರೇಮಿನಲ್ಲಿ ಕೂದಲೆಳೆಯಷ್ಟು ಬಿರುಕೂ ಇರಬಾರದು. ಚೈನು, ಟೈರು ಸವೆದಿದ್ರೆ ಚಿಂತೆಯಿಲ್ಲ, ಅದನ್ನೇ ತೋರಿಸಿ ಚೌಕಾಸಿ ಮಾಡಿ.

ಒಲಿಂಪಿಕ್ ದೂರದ ರೇಸಲ್ಲಿ ಸೈಕಲ್ ತುಳಿಯೋದು 40 ಕಿಲೋಮೀಟರ್. ಅಷ್ಟು ದೂರದ ಮೊದಲ ರೇಸಿಗೆ, ಇರೋ ರೋಡ್ ಬೈಕಿಗೇ ಕ್ಲಿಪ್-ಆನ್ ಏರೋಬಾರ್ ಹಾಕಿಸಿದ್ರೂ ಸಾಕು.