ಗೂಡಿನ ರೇಟಿಗೆ ಜಗಳ, ಬೈಕಿನ ಬಿಲ್ಲಿಗೆ ಮೌನ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನಮ್ಮಪ್ಪನನ್ನು ನೀವು ನೋಡಬೇಕು. ಹರಾಜಿನಲ್ಲಿ ಕೆ.ಜಿ.ಗೆ ಐದು ರೂಪಾಯಿ ಕಡಿಮೆ ಬಂತು ಅಂದರೆ ಸಾಕು, ‘ಈ ರೇಟಿಗೆ ಆಗಲ್ಲ’ ಅಂತ ಲಾಟಿನ ಪಕ್ಕ ಕೈಕಟ್ಟಿ ನಿಂತುಬಿಡ್ತಾರೆ. ರೀಲರ್‌ಗಳು ತೆಲುಗಿನಲ್ಲಿ ಪುಸಲಾಯಿಸಿದರೂ ಕರಗಲ್ಲ, ಕನ್ನಡದಲ್ಲಿ ಬೈದರೂ ಬಗ್ಗಲ್ಲ.

ಅದೇ ಅಪ್ಪ 2019ರಲ್ಲಿ ನನ್ನ ಮೊದಲ ಬೈಕ್ ಕೊಡಿಸೋಕೆ ಶೋರೂಮಿಗೆ ಬಂದಾಗ ಎ.ಸಿ. ಕೆಳಗೆ ಕೂತು, ಕೈಯಲ್ಲಿ ಕೂಲ್ ಡ್ರಿಂಕ್ ಹಿಡ್ಕೊಂಡು, ‘ಒಟ್ಟು ಎಷ್ಟಾಗುತ್ತಪ್ಪಾ?’ ಅಂತ ಒಂದೇ ಒಂದು ಮಾತು ಕೇಳಿದರು. ಆ ಹುಡುಗ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ. ಎರಡು ಬೆಳೆ ಗೂಡಿನ ದುಡ್ಡನ್ನು ಅಪ್ಪ ಎಣಿಸಿ ಕೊಟ್ಟುಬಿಟ್ಟರು. ಮನೆಗೆ ಬಂದು ಬಿಲ್ ಬಿಡಿಸಿ ನೋಡಿದರೆ ‘ಹ್ಯಾಂಡ್ಲಿಂಗ್ ಚಾರ್ಜ್’ 1,200, ‘ಆಕ್ಸೆಸರೀಸ್ ಕಿಟ್’ 4,600, ಹೆಲ್ಮೆಟ್ 900. ಒಟ್ಟು 6,700 ರೂಪಾಯಿ, ಬೈಕಿಗೆ ಸಂಬಂಧವೇ ಇಲ್ಲದ ಲೆಕ್ಕ. ಅಪ್ಪನಿಗೆ ನಾನು ಇವತ್ತಿಗೂ ಹೇಳಿಲ್ಲ.

ಹಾಗಾಗಿ 2025ರ ಡಿಸೆಂಬರ್‌ನಲ್ಲಿ ಚಿಕ್ಕಪ್ಪನ ಮಗ ‘ಅಣ್ಣಾ, ಒಂದು 125 ಸಿಸಿ ಬೈಕ್ ತಗೋಬೇಕು, ಜೊತೆಗೆ ಬಾ’ ಅಂದಾಗ ನಾನು ಒಂದು ಷರತ್ತು ಹಾಕಿದೆ. ಮೂರು ಊರಿನ ಶೋರೂಮಿನಿಂದ ಕೊಟೇಶನ್ ತರಬೇಕು, ಅದೂ ಒಟ್ಟು ಮೊತ್ತ ಅಲ್ಲ, ಸಾಲು ಸಾಲಾಗಿ ಬಿಡಿಸಿ ಬರೆದದ್ದು. ಅವನು ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಲ್ಲೊಂದು, ಚಿಕ್ಕಬಳ್ಳಾಪುರದಲ್ಲೊಂದು, ಚಿಂತಾಮಣಿಯಲ್ಲೊಂದು ಕಡೆ ಕೇಳಿ, ಮೂರೂ ಚೀಟಿಯ ಫೋಟೊ ವಾಟ್ಸ್ಆ್ಯಪ್ ಮಾಡಿದ.

ಒಂದೇ ಬೈಕ್, ಒಂದೇ ಬಣ್ಣ. ಕಡಿಮೆ ಹೇಳಿದ ಕಡೆಗೂ ಜಾಸ್ತಿ ಹೇಳಿದ ಕಡೆಗೂ 6,400 ರೂಪಾಯಿ ವ್ಯತ್ಯಾಸ!

ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ಗೊತ್ತಾಯ್ತು. ಎಕ್ಸ್‌ಶೋರೂಮ್ ಬೆಲೆ ಮೂರೂ ಕಡೆ ಒಂದೇ, ಅದನ್ನು ಕಂಪನಿ ಗೊತ್ತುಮಾಡುತ್ತೆ. ರಸ್ತೆ ತೆರಿಗೆಯೂ ಒಂದೇ. ಥರ್ಡ್ ಪಾರ್ಟಿ ವಿಮೆಯೂ ಒಂದೇ. ವ್ಯತ್ಯಾಸ ಇದ್ದದ್ದೆಲ್ಲ ಕೆಳಗಿನ ನಾಲ್ಕು ಸಾಲಿನಲ್ಲಿ: ಓನ್ ಡ್ಯಾಮೇಜ್ ವಿಮೆ, ಆಕ್ಸೆಸರೀಸ್, ಹ್ಯಾಂಡ್ಲಿಂಗ್, ‘ಆರ್‌ಟಿಒ ಖರ್ಚು’. ನಾವೆಲ್ಲ ಶೋರೂಮಿಗೆ ಹೋಗಿ ‘ಏನಾದ್ರೂ ಕಮ್ಮಿ ಮಾಡಿ ಸಾರ್’ ಅಂತ ಮೇಲಿನ ಸಾಲಿಗೆ ಜೋತುಬೀಳ್ತೀವಿ. ಚೌಕಾಶಿಗೆ ಜಾಗ ಇರೋದು ಕೆಳಗಡೆ.

ಮೊದಲು ಅಲುಗಾಡದ ಸಾಲುಗಳನ್ನು ಮುಗಿಸೋಣ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಅದಕ್ಕಿಂತ ದೊಡ್ಡ ಎಂಜಿನ್‌ಗೆ 40. ಇದು ಎಕ್ಸ್‌ಶೋರೂಮ್ ಬೆಲೆಯಲ್ಲೇ ಸೇರಿರುತ್ತೆ. ‘ಜಿಎಸ್‌ಟಿ ಆಫರ್ ನಾವೇ ಕೊಡ್ತಿದೀವಿ’ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ, ಅದು ಸರ್ಕಾರ ಇಳಿಸಿದ ತೆರಿಗೆ, ಅಂಗಡಿಯ ಉಡುಗೊರೆ ಅಲ್ಲ.

ರಸ್ತೆ ತೆರಿಗೆಯಲ್ಲಿ ಒಂದು ಗುಂಡಿ ಇದೆ, ಹುಷಾರು. ಕರ್ನಾಟಕದಲ್ಲಿ ಪೆಟ್ರೋಲ್ ಬೈಕಿನ ಬೆಲೆ 50 ಸಾವಿರದಿಂದ ಒಂದು ಲಕ್ಷದೊಳಗಿದ್ದರೆ ಆಜೀವ ತೆರಿಗೆ 12 ಪರ್ಸೆಂಟ್, ಲಕ್ಷ ದಾಟಿದರೆ 18. ಅಂದರೆ 99 ಸಾವಿರದ ಬೈಕಿಗೆ 11,880, 1 ಲಕ್ಷದ 1 ಸಾವಿರದ ಬೈಕಿಗೆ 18,180. ಇದರ ಮೇಲೆ ಸೆಸ್ ಬೇರೆ. ಎರಡು ಸಾವಿರ ಜಾಸ್ತಿ ಕೊಟ್ಟು ಡಿಸ್ಕ್ ಬ್ರೇಕೋ ಬ್ಲೂಟೂತೋ ಇರೋ ವೇರಿಯಂಟ್ ತಗೊಂಡೆ ಅಂದುಕೊಂಡವನು ನಿಜವಾಗಿ ಎಂಟು ಸಾವಿರದ ಮೇಲೆ ಕೊಟ್ಟಿರ್ತಾನೆ. ಡಿಸ್ಕ್ ಬ್ರೇಕ್ ಬೇಕೇ ಬೇಕು ಅನ್ನೋದಾದರೆ ತಗೊಳ್ಳಿ, ಅದು ಜೀವದ ಪ್ರಶ್ನೆ. ಆದರೆ ಲೆಕ್ಕ ಗೊತ್ತಿದ್ದು ತಗೊಳ್ಳಿ.

ವಿಮೆಯಲ್ಲೂ ಹೀಗೇ ಒಂದು ಗೆರೆ ಇದೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿಗೆ 3,851 ರೂಪಾಯಿ, 150 ದಾಟಿದರೆ 350ರವರೆಗೆ 7,365, ಜೊತೆಗೆ ಜಿಎಸ್‌ಟಿ. 160 ಸಿಸಿ ಮೇಲೆ ಕಣ್ಣಿಟ್ಟವರು ಇದನ್ನೂ ಸೇರಿಸಿಕೊಳ್ಳಿ. ಈ ಮೊತ್ತ ಯಾವ ಕಂಪನಿಯಲ್ಲಾದರೂ ಒಂದೇ. ಚೌಕಾಶಿ ನಡೆಯೋದು ಓನ್ ಡ್ಯಾಮೇಜ್‌ನಲ್ಲಿ. ಚಿಕ್ಕಬಳ್ಳಾಪುರದ ಚೀಟಿಯಲ್ಲಿ ಆ್ಯಡ್‌ಆನ್‌ಗಳನ್ನೆಲ್ಲ ತುಂಬಿಸಿ ಬರೆದಿದ್ದರು. ತಮ್ಮ ಅಲ್ಲೇ ಕೂತು ಫೋನಿನಲ್ಲಿ ಇನ್ನೊಂದು ಕಂಪನಿಯ ರೇಟ್ ತೆಗೆದು ತೋರಿಸಿದ, 1,700 ಕಡಿಮೆ ಇತ್ತು. ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕು ಅಂತ ಯಾವ ನಿಯಮವೂ ಇಲ್ಲ. ಆದರೂ ಅವರು ಅದೇ ರೇಟಿಗೆ ಬಂದರೆ ಅಲ್ಲೇ ಮಾಡಿಸೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ನಾಳೆ ಬಿದ್ದು ಗಾಡಿ ಸರ್ವಿಸ್ ಸೆಂಟರಿಗೆ ಹೋದಾಗ ಓಡಾಟ ತಪ್ಪುತ್ತೆ.

ಇನ್ನು ಹ್ಯಾಂಡ್ಲಿಂಗ್. ತಮ್ಮ ಆ ಹುಡುಗನನ್ನು ಕೇಳಿದ ರೀತಿ ನನಗೆ ಇಷ್ಟ ಆಯ್ತು.

‘ಅಣ್ಣಾ, ಇದು ಸರ್ಕಾರಕ್ಕೆ ಹೋಗುತ್ತಾ?’

‘ಇಲ್ಲ, ಎಲ್ಲರ ಹತ್ರಾನೂ ತಗೊಳ್ತೀವಿ ಅಣ್ಣಾ.’

‘ಸರಿ. ಬಿಲ್ಲಿನಲ್ಲಿ ಹ್ಯಾಂಡ್ಲಿಂಗ್ ಅಂತಾನೇ ಬರೆದು, ಸೀಲ್ ಹಾಕಿ ಕೊಡ್ತೀರಾ?’

ಹುಡುಗ ಮ್ಯಾನೇಜರ್ ರೂಮಿಗೆ ಹೋಗಿ ಐದು ನಿಮಿಷ ಬಿಟ್ಟು ಬಂದ. ಆ ಸಾಲು ಹೊಡೆದು ಹಾಕಿದ್ದರು. ಜಗಳ ಇಲ್ಲ, ಕೂಗಾಟ ಇಲ್ಲ. ಇಷ್ಟಕ್ಕೂ ಆ ಹುಡುಗನೂ ನಮ್ಮ ಥರಾನೇ, ತಿಂಗಳ ಟಾರ್ಗೆಟ್‌ಗೆ ಓಡಾಡೋನು. ಸಣ್ಣ ಊರಿನ ಎಷ್ಟೋ ಶೋರೂಮುಗಳು ದೊಡ್ಡ ಡೀಲರ್‌ನ ಶಾಖೆ ಇಲ್ಲವೇ ಸಬ್‌ಡೀಲರ್. ಕೌಂಟರಿನಲ್ಲಿ ಕೂತವನ ಕೈಯಲ್ಲಿ ಏನೂ ಇರಲ್ಲ. ಅವನ ಮೇಲೆ ಎಗರಾಡಿ ಉಪಯೋಗ ಇಲ್ಲ, ಮ್ಯಾನೇಜರ್‌ನನ್ನು ಮರ್ಯಾದೆಯಿಂದ ಹೊರಗೆ ಕರೆಸಬೇಕು.

ಹೆಲ್ಮೆಟ್ ವಿಷಯಕ್ಕೆ ಬಂದರೆ, ‘ಸಾರ್, ನಿಮಗೋಸ್ಕರ ಫ್ರೀ ಹೆಲ್ಮೆಟ್’ ಅಂತ ಕೊಡೋದನ್ನು ರಿಯಾಯಿತಿ ಅಂತ ಎಣಿಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದ ಪ್ರಕಾರ ದ್ವಿಚಕ್ರ ವಾಹನ ಮಾರುವಾಗ ಬಿಐಎಸ್ ಗುಣಮಟ್ಟದ ಹೆಲ್ಮೆಟ್ ಕೊಡಬೇಕಾದದ್ದೇ. ಐಎಸ್‌ಐ ಗುರುತು ಇದೆಯಾ ನೋಡಿಕೊಳ್ಳಿ. ಆಕ್ಸೆಸರೀಸ್ ಕಿಟ್ಟಿನಲ್ಲಿ ನಿಮಗೆ ಬೇಕಾದದ್ದನ್ನು ಮಾತ್ರ ಆರಿಸಿಕೊಳ್ಳಿ. ತಮ್ಮ ಕ್ರ್ಯಾಶ್ ಗಾರ್ಡ್ ಇಟ್ಟುಕೊಂಡ, ಸೀಟ್ ಕವರ್, ಟ್ಯಾಂಕ್ ಕವರ್, ಸ್ಟಿಕ್ಕರ್ ಎಲ್ಲ ಬೇಡ ಅಂದ. ‘ಕಿಟ್ ಬಿಡಿಸಿ ಕೊಡೋಕೆ ಬರಲ್ಲ’ ಅಂದರು. ‘ಹಂಗಾದ್ರೆ ಚಿಂತಾಮಣಿಯಲ್ಲಿ ಕೊಡ್ತಾರಂತೆ’ ಅಂತ ಚೀಟಿ ತೋರಿಸಿದ ಮೇಲೆ ಬಿಡಿಸೋಕೆ ಬಂತು.

ಆ ಚೀಟಿಯೇ ಅವನ ಕೈಯಲ್ಲಿದ್ದ ಬಲ. ಚಿಕ್ಕಬಳ್ಳಾಪುರದ ಕೆಎ 40 ಆಗಲಿ ಚಿಂತಾಮಣಿಯ ಕೆಎ 67 ಆಗಲಿ, ತೆರಿಗೆ ಒಂದೇ. ಬೆಂಗಳೂರಿಗೆ ದಿನಾ ಓಡಾಡೋರು ಯಲಹಂಕದಲ್ಲೂ ಒಂದು ಚೀಟಿ ಬರೆಸಿಕೊಳ್ಳಬಹುದು. ಗೌರಿಬಿದನೂರಿನವರಿಗೆ ಮಾತ್ರ ಒಂದು ಮಾತು: ಹಿಂದೂಪುರ ಹತ್ತಿರ, ಅಲ್ಲಿ ನೆಂಟರೂ ಇರ್ತಾರೆ. ಅವರ ವಿಳಾಸ ಕೊಟ್ಟು ಆಂಧ್ರದ ನಂಬರಿನಲ್ಲಿ ತೆರಿಗೆ ಉಳಿಸೋ ಐಡಿಯಾ ಯಾರಾದರೂ ಹೇಳೇ ಹೇಳ್ತಾರೆ. ಗಾಡಿ ಓಡೋದು ಇಲ್ಲೇ ಆದರೆ ಇಲ್ಲಿನ ತೆರಿಗೆ ಕಟ್ಟಿ ನಂಬರ್ ಬದಲಿಸಲೇಬೇಕು, ಎರಡೆರಡು ಸಲ ಆರ್‌ಟಿಒ ಓಡಾಟ. ಬೇಡ.

ನಾವು ಹೋದ ಹೊತ್ತೂ ಕೆಲಸ ಮಾಡಿತು. ನವರಾತ್ರಿಯಲ್ಲಿ, ವರಮಹಾಲಕ್ಷ್ಮಿ ಹಬ್ಬದಲ್ಲಿ ಶೋರೂಮಿನಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅವತ್ತು ಯಾರು ಕಮ್ಮಿ ಮಾಡ್ತಾರೆ? ಆಷಾಢದಲ್ಲಿ, ಧನುರ್ಮಾಸದಲ್ಲಿ ಹೊಸದು ಕೊಳ್ಳೋರು ಕಡಿಮೆ. ಡಿಸೆಂಬರ್ ಕೊನೆ ಅಂದರೆ ಧನುರ್ಮಾಸವೂ ಹೌದು, ವರ್ಷದ ಸ್ಟಾಕ್ ಮುಗಿಸೋ ಆತುರವೂ ಹೌದು. ಚಿಕ್ಕಮ್ಮ ‘ಧನುರ್ಮಾಸದಲ್ಲಿ ಗಾಡಿನಾ?’ ಅಂತ ಮುಖ ಗಂಟಿಕ್ಕಿದರು. ಡಿಸೆಂಬರ್‌ನಲ್ಲಿ ರೇಟ್ ಮುಗಿಸಿ ಮುಂಗಡ ಕೊಟ್ಟು, ಡೆಲಿವರಿ ಸಂಕ್ರಾಂತಿ ದಿನ ಅಂತ ರಾಜಿ ಆಯ್ತು. ರಸೀದಿಯಲ್ಲಿ ಒಪ್ಪಿದ ಬೆಲೆ, ಬಣ್ಣ, ಡೆಲಿವರಿ ದಿನ, ಎಲ್ಲ ಬರೆಸಿಕೊಂಡೆವು. ಇದರಲ್ಲಿ ಒಂದು ನಷ್ಟವೂ ಇದೆ. ಗಾಡಿ 2025ರಲ್ಲಿ ತಯಾರಾದದ್ದು ಅಂತ ಆರ್‌ಸಿಯಲ್ಲಿ ಇರುತ್ತೆ, ಮಾರುವಾಗ ಒಂದು ವರ್ಷ ಹಳೇದಾಗುತ್ತೆ. ‘ಅದಕ್ಕೇ ಇನ್ನೊಂದು ಸಾವಿರ ಬಿಡಿ’ ಅಂತ ಕೇಳಿದೆವು, ಐನೂರು ಬಿಟ್ಟರು.

ಎಲ್ಲಕ್ಕಿಂತ ದೊಡ್ಡ ದುಡ್ಡು ಹೋಗೋ ಜಾಗ ಸಾಲ. ಶೋರೂಮಿನ ಮೂಲೆ ಟೇಬಲ್ಲಿನ ಫೈನಾನ್ಸ್ ಹುಡುಗ ‘ಬರೀ 10 ಪರ್ಸೆಂಟ್’ ಅಂದ. ‘ಫ್ಲ್ಯಾಟಾ, ರೆಡ್ಯೂಸಿಂಗಾ?’ ಅಂತ ಕೇಳಿದಾಗ ಫ್ಲ್ಯಾಟ್ ಅಂದ. ಒಂದು ಲಕ್ಷಕ್ಕೆ ಮೂರು ವರ್ಷ ಫ್ಲ್ಯಾಟ್ 10 ಅಂದರೆ ತಿಂಗಳಿಗೆ 3,611, ಒಟ್ಟು ಬಡ್ಡಿ 30 ಸಾವಿರ. ಉಳಿದ ಅಸಲಿನ ಮೇಲೆ ಮಾತ್ರ 10 ಪರ್ಸೆಂಟ್ ಆದರೆ 3,227, ಬಡ್ಡಿ ಸುಮಾರು 16 ಸಾವಿರ. ಫ್ಲ್ಯಾಟ್ 10 ಅನ್ನೋದು ನಿಜವಾಗಿ 18ರ ಹತ್ತಿರ. 2024ರ ಅಕ್ಟೋಬರ್‌ನಿಂದ ಇಂಥ ಸಾಲಕ್ಕೆಲ್ಲ ಸಾಲದ ಮುಖ್ಯ ಅಂಶಗಳ ಪತ್ರ, ಕೆಎಫ್‌ಎಸ್, ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಎಪಿಆರ್ ಅನ್ನೋ ಸಾಲಿನಲ್ಲಿ ಶುಲ್ಕಗಳೂ ಸೇರಿದ ನಿಜವಾದ ಬಡ್ಡಿ ಇರುತ್ತೆ. ಸಹಿ ಹಾಕೋ ಮುಂಚೆ ಅದೊಂದು ನಂಬರ್ ಓದಿ. ತಮ್ಮ ಸಂಬಳ ಬರೋ ಬ್ಯಾಂಕಿನಲ್ಲೇ ಸಾಲ ಮಾಡಿದ. ಎರಡು ಸಲ ರಜೆ ಹಾಕಬೇಕಾಯ್ತು, ಬೈದುಕೊಂಡೇ ಹಾಕಿದ.

ಕೊನೆಗೆ ಬೈಕ್ ತಗೊಂಡದ್ದು ಗೌರಿಬಿದನೂರಿನಲ್ಲೇ. ಅವರ ಮೊದಲ ಚೀಟಿಗಿಂತ 5,100 ಕಡಿಮೆ, ಚಿಂತಾಮಣಿಯದಕ್ಕಿಂತ 400 ಜಾಸ್ತಿ. ಕೆಲಸಕ್ಕೆ ಹೋಗೋ ದಾರಿಯಲ್ಲೇ ಸರ್ವಿಸ್ ಇದೆ ಅಂತ ಆ ನಾನೂರನ್ನು ಅವನೇ ಬಿಟ್ಟುಕೊಟ್ಟ.

ಸಂಕ್ರಾಂತಿ ದಿನ ಡೆಲಿವರಿಗೆ ಅಪ್ಪನೂ ಬಂದಿದ್ದರು. ತಮ್ಮ ಟಾರ್ಚ್ ಹಾಕಿ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬಿಲ್ಲಿನ ಜೊತೆ ಒಂದೊಂದೇ ಅಕ್ಷರ ತಾಳೆ ನೋಡ್ತಿದ್ದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಕಾಯ್ತಾ ಕೂತಿದ್ದ ಅಪ್ಪ ಬಿಲ್ ಕೈಗೆ ತಗೊಂಡು, ಕನ್ನಡಕ ಮೇಲೇರಿಸಿ, ಸಾಲು ಸಾಲಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ನಿನ್ನ ಗಾಡಿದು ಹಿಂಗೇ ಒಂದು ಕಾಗದ ಕೊಟ್ಟಿದ್ರಲ್ಲ, ಎಲ್ಲಿಟ್ಟಿದೀಯಾ?’