ಮಗುವಿನ ಕೈಗೆ ಗಿಟಾರು: ಮೀಟುವುದೂ ಒಂದು ಕಾಯಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ನಮ್ಮ ಮನೆಗಳಿಗೆ ತಂತಿಯ ನಾದ ಹೊಸದಲ್ಲ. ಏಕತಾರಿ ಹಿಡಿದು ತತ್ವಪದ ಹಾಡುವವರನ್ನು ಕಟ್ಟೆಯ ಮೇಲೆ ಕುಳಿತು ಕೇಳಿ ಬೆಳೆದವರು ನಾವು. ಈಗ ಮಕ್ಕಳು ಗಿಟಾರು ಬೇಕೆನ್ನುತ್ತಾರೆ. "ಇದು ನಮ್ಮ ಮನೆತನಕ್ಕೆ ಒಪ್ಪುವುದೇ?" ಎಂದು ಹಿರಿಯರು ಹಿಂಜರಿಯುತ್ತಾರೆ.

ನಮ್ಮ ಭಜನೆಗಳಲ್ಲಿ ನುಡಿಯುವ ಹಾರ್ಮೋನಿಯಂ ಕೂಡ 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯವೆಂಬುದನ್ನು ನಾವು ಮರೆಯಬಾರದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪೂಜ್ಯ ಪುಟ್ಟರಾಜ ಗವಾಯಿಗಳು (1914-2010) ಹಾರ್ಮೋನಿಯಂ, ಪಿಟೀಲು, ತಬಲಾಗಳನ್ನೆಲ್ಲ ಸಾಧಿಸಿ ಶಿಷ್ಯರಿಗೆ ಧಾರೆಯೆರೆದರು. ಗಿಟಾರನ್ನೇ ಮಾರ್ಪಡಿಸಿ 'ಮೋಹನ ವೀಣೆ'ಯಲ್ಲಿ ರಾಗ ನುಡಿಸಿದ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಿತು. ವಾದ್ಯಕ್ಕೆ ಕುಲವಿಲ್ಲ, ನುಡಿಸುವವನಿಗೆ ಶ್ರದ್ಧೆ ಬೇಕು.

ಬಲಗೈಯ ಶಿಸ್ತು

ಕೊಂಡು ತಂದ ಗಿಟಾರು ಕೆಲವೇ ತಿಂಗಳಲ್ಲಿ ಮೂಲೆ ಸೇರುವುದನ್ನು ನಾವು ಕಂಡಿದ್ದೇವೆ. ಮಗು ಮೊದಲ ದಿನವೇ ವೇಗವನ್ನು ಬಯಸುತ್ತದೆ. ಕೈ ಅದಕ್ಕೆ ಸಿದ್ಧವಾಗಿರುವುದಿಲ್ಲ. ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ ನುಡಿಸುವ ಲೀಡ್ ಗಿಟಾರಿನಲ್ಲಿ ಬಲಗೈಯ ಮೀಟೇ ಅಡಿಪಾಯ.

ತೋರುಬೆರಳನ್ನು ತುಸು ಮಡಿಸಿ, ಅದರ ಪಕ್ಕದ ಮೇಲೆ ಪಿಕ್ ಇರಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ತುದಿ ಮಾತ್ರ ಹೊರಗಿರಲಿ. ಹಿಡಿತ ಬಿಗಿಯಾದರೆ ನಾದ ಒರಟಾಗುತ್ತದೆ. ಸಡಿಲವಾದರೆ ಪಿಕ್ ಜಾರುತ್ತದೆ. ಚಲನೆ ಮಣಿಕಟ್ಟಿನಿಂದ ಬರಲಿ, ಮೊಳಕೈಯಿಂದಲ್ಲ.

ಮೊದಲ ಪಾಠಕ್ಕೆ ಒಂದೇ ತಂತಿ ಸಾಕು. ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಸಮನಾಗಿ ಮೀಟಬೇಕು. ಸಿತಾರಿನಲ್ಲಿ ಎರಡು ಬಗೆಯ ಮೀಟುಗಳನ್ನು 'ದಾ', 'ರಾ' ಎಂಬ ಬೋಲುಗಳಿಂದ ಕಲಿಸುವಂತೆ ಇಲ್ಲಿಯೂ ಎರಡೂ ಮೀಟುಗಳ ನಾದ ಒಂದೇ ತೂಕದಲ್ಲಿರಬೇಕು. ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇರಿಸಿ, ಬಡಿತಕ್ಕೆ ಎರಡು ಮೀಟು ಅಭ್ಯಾಸ ಮಾಡಲಿ. ತಪ್ಪಿಲ್ಲದೆ ಬಂದ ಮೇಲೆ 64, ಆಮೇಲೆ 68. ತಪ್ಪಿದರೆ ಹಿಂದಿರುಗುವುದರಲ್ಲಿ ಅವಮಾನವಿಲ್ಲ.

ನಂತರ ಎರಡು ತಂತಿ. ಒಂದರಿಂದ ಇನ್ನೊಂದಕ್ಕೆ ದಾಟುವಾಗಲೂ ಕೆಳಗೆ-ಮೇಲೆ ಎಂಬ ಕ್ರಮ ಕೆಡಬಾರದು. ಹೊಸಬರು ಎಡವುವುದು ಇಲ್ಲಿಯೇ. ನುಡಿಸದ ದಪ್ಪ ತಂತಿಗಳು ಗುಂಯ್‌ಗುಡದಂತೆ ಅಂಗೈಯ ಅಂಚನ್ನು ಅವುಗಳ ಮೇಲೆ ಹಗುರವಾಗಿ ಒರಗಿಸಬೇಕು. ಎಡಗೈಯ ಬೆರಳ ತುದಿ ಕೆಲವು ವಾರ ಉರಿಯುವುದು ಸಹಜ, ಮುಂದೆ ಗಟ್ಟಿಯಾಗುತ್ತದೆ. ಆದರೆ ಮಣಿಕಟ್ಟು ನೋಯತೊಡಗಿದರೆ ಅಂದಿನ ಅಭ್ಯಾಸವನ್ನು ನಿಲ್ಲಿಸಬೇಕು.

ಮನೆಯವರ ಪಾತ್ರ

ಸಂಜೆಯ ಲಿಂಗಪೂಜೆ ಮುಗಿದ ಮೇಲೆ ದಿನವೂ 20 ನಿಮಿಷ ಸಾಕು. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ಇದೇ ಫಲಕಾರಿ. ಮೊದಲ ಧಾಟಿಯಾಗಿ ಮನೆಯಲ್ಲಿ ಹಾಡುವ ಒಂದು ವಚನವನ್ನೇ ಆರಿಸಿಕೊಳ್ಳಲಿ. ಸ್ವರ ತಪ್ಪಿದಾಗ ಗಿಟಾರು ಮುಟ್ಟದ ಅಜ್ಜಿಯೂ ತಿದ್ದಬಲ್ಲಳು. ಹಿಂಜರಿದ ಹಿರಿಯರೇ ಆಗ ಗುರುವಿನ ಸ್ಥಾನದಲ್ಲಿ ಕೂರುತ್ತಾರೆ; ಮಗುವಿನ ವಾದ್ಯ ಮನೆಯ ವಾದ್ಯವಾಗುತ್ತದೆ.

ತಮ್ಮ ದೇಹವನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನಲ್ಲಿ ಬೇಡಿಕೊಂಡವರು ಬಸವಣ್ಣನವರು. ಆ ಪರಂಪರೆಯ ನಾವು ಮಗುವಿನ ಕೈಗೆ ಗಿಟಾರು ಕೊಡಲು ಅಂಜಬೇಕಿಲ್ಲ. ಅದರೊಡನೆ ತಾಳ್ಮೆಯನ್ನೂ ಕೊಡೋಣ.