ನಿಮಗಿದು ಗೊತ್ತೆ? ನೂರರಲ್ಲಿ ಒಂದು ಪಾಲು ಬೆಳಕೇ ಸಾಕು!

ಪೂರ್ಣ ಬಿಸಿಲಿನ ನೂರರಲ್ಲಿ ಒಂದು ಪಾಲು ಸಿಕ್ಕರೂ ಬೆಳೆಯುವ ನೀರುಗಿಡವೊಂದಿದೆ. ಅದೇ ಹೈಡ್ರಿಲ್ಲಾ. ತಿಳಿನೀರಿದ್ದರೆ 15 ಮೀಟರ್ ಆಳದಲ್ಲೂ ಬೇರೂರುತ್ತದೆ.

ಮೀನಿನ ತೊಟ್ಟಿಯ ಅಂದಕ್ಕೆಂದು 1950ರ ದಶಕದಲ್ಲಿ ಇದನ್ನು ಅಮೆರಿಕದ ಫ್ಲೋರಿಡಾಕ್ಕೆ ಒಯ್ದರು. ಅದು ಕಾಲುವೆಗಳಿಗೆ ಹೊಕ್ಕು ದೊಡ್ಡ ಕಳೆಯಾಯಿತು. ಡಿಎನ್‌ಎ ಹೋಲಿಸಿದಾಗ ಅಲ್ಲಿನ ಒಂದು ಬಗೆ ಹೆಚ್ಚು ಹೋಲಿದ್ದು ನಮ್ಮ ಬೆಂಗಳೂರಿನ ಹೈಡ್ರಿಲ್ಲಾವನ್ನು!

ಎಲ್ಲ ಗಿಡಗಳೂ ಇಷ್ಟು ಗಟ್ಟಿಯಲ್ಲ; ಮೀನಿನ ತೊಟ್ಟಿಯ ಹಲವು ಗಿಡಗಳಿಗೆ ಇದಕ್ಕಿಂತ ಹೆಚ್ಚು ಬೆಳಕು ತಳದವರೆಗೂ ಸಿಗಬೇಕು. ಆದರೆ ಆಳದ ತೊಟ್ಟಿಯಲ್ಲಿ ಬೆಳಕು ಕದಿಯುವ ಕಳ್ಳ ತಿಳಿನೀರಲ್ಲ. ಎರಡಡಿ ತಿಳಿನೀರು ಕೆಂಪು ಬೆಳಕಿನಲ್ಲಿ ಸುಮಾರು ಐದನೇ ಒಂದು ಪಾಲನ್ನಷ್ಟೇ ನುಂಗುತ್ತದೆ. ನೀಲಿ ಬೆಳಕು ಬಹುತೇಕ ಹಾಗೇ ತಳ ಮುಟ್ಟುತ್ತದೆ. ದೀಪದ ಬೆಳಕು ಇಳಿಯುತ್ತ ಇಳಿಯುತ್ತ ಅಗಲಕ್ಕೆ ಚದುರುವುದೇ ಅಸಲಿ ನಷ್ಟ. ಅದಕ್ಕೇ ಆಳದ ತೊಟ್ಟಿಗೆ ಕಿರಿದಾದ ಕಿರಣ ಬೀರುವ ಎಲ್‌ಇಡಿ ಒಳ್ಳೆಯದು.

ಇನ್ನೊಬ್ಬ ಕಳ್ಳ ರಾಡಿ. ಮಳೆಗಾಲದಲ್ಲಿ ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ಕೃಷ್ಣೆಯಿಂದಲೋ ಮುಧೋಳ, ಬೀಳಗಿ ಕಡೆಯ ಘಟಪ್ರಭೆಯಿಂದಲೋ ಒಂದು ಕೊಡ ನೀರು ತುಂಬಿ ನೋಡಿ, ಕೊಡದ ತಳವೇ ಕಾಣದು. ಅಂಥ ನೀರನ್ನು ತಿಳಿಯಾಗಲು ಬಿಟ್ಟು ತೊಟ್ಟಿಗೆ ಸುರಿಯಬೇಕು.

ದೀಪ ದಿನಕ್ಕೆ ಎಂಟು ತಾಸು ಉರಿದರೆ ಸಾಕು. ಅತಿಯಾದರೆ ಗಿಡಕ್ಕಿಂತ ಮೊದಲು ಕೊಬ್ಬುವುದು ಪಾಚಿ!